ಡಾಲರ್ ಸಂಪಾದನೆಗೆ ಜಿಎಸ್‌ಟಿ: ಸೊನ್ನೆ ತೆರಿಗೆಗೂ ಲೆಕ್ಕ ಕೊಡಬೇಕು

ಧಾರವಾಡದಲ್ಲೋ ಪುತ್ತೂರಿನಲ್ಲೋ ಮನೆಯಲ್ಲಿ ಕೂತು ಅಮೆರಿಕದ ಅಂಗಡಿಯ ಫೇಸ್‌ಬುಕ್ ಜಾಹೀರಾತು ನೋಡಿಕೊಳ್ಳುವವರಿಗೆ, ಬ್ರಿಟನ್ನಿನ ಕಂಪನಿಗೆ ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಜಾಲತಾಣ ಮೇಲೆ ಬರುವಂತೆ ಮಾಡುವ ಕೆಲಸ) ಮಾಡಿಕೊಡುವವರಿಗೆ ಎರಡು ಬಗೆಯ ಸಲಹೆ ಸಿಗುತ್ತದೆ. ‘ಹೊರದೇಶದ ದುಡ್ಡಿಗೆ ಸೇಲ್ಸ್ ಟ್ಯಾಕ್ಸ್ ಇಲ್ಲ, ಸುಮ್ಮನಿರಿ’ ಎಂಬುದು ಒಂದು. ‘ಒಂದು ಡಾಲರ್ ಬಂದರೂ ಜಿಎಸ್‌ಟಿ ನಂಬರ್ ಬೇಕು’ ಎಂಬುದು ಇನ್ನೊಂದು. ಎರಡನ್ನೂ ನಂಬಬೇಡಿ. ಸೇವೆಯ ರಫ್ತಿಗೆ ಜಿಎಸ್‌ಟಿ ದರ ಸೊನ್ನೆ, ನಿಜ. ಆದರೆ ಸೊನ್ನೆ ದರವೇ ಬೇರೆ, ವಿನಾಯಿತಿಯೇ ಬೇರೆ. ಸೊನ್ನೆ ದರ ಸಿಗುವುದು ಕಾಗದಪತ್ರ ಸರಿಯಿದ್ದವರಿಗೆ. ಅದು ತಪ್ಪಿದರೆ ಅದೇ ಹಣದ ಮೇಲೆ ಶೇ 18 ಬಂದು ಕೂರುತ್ತದೆ. (ಆದಾಯ ತೆರಿಗೆಯದು ಪ್ರತ್ಯೇಕ ಲೆಕ್ಕ, ಇಲ್ಲಿ ಅದರ ಮಾತಿಲ್ಲ.)

ಮೊದಲು, ಅದು ರಫ್ತು ಹೌದೇ?

ಅಂತರರಾಜ್ಯ ಮತ್ತು ಆಮದು-ರಫ್ತು ವಹಿವಾಟಿನ ಜಿಎಸ್‌ಟಿಯಾದ ಐಜಿಎಸ್‌ಟಿಯ ಕಾಯ್ದೆಯ 2(6)ನೇ ಕಲಮು ಐದು ಷರತ್ತು ಹಾಕುತ್ತದೆ. ಸೇವೆ ಕೊಡುವವರು ಭಾರತದಲ್ಲಿರಬೇಕು. ಪಡೆಯುವವರು ಹೊರಗಿರಬೇಕು. ಸೇವೆ ಸಲ್ಲುವ ಸ್ಥಳ ಹೊರದೇಶವಾಗಿರಬೇಕು. ಹಣ ವಿದೇಶಿ ವಿನಿಮಯದಲ್ಲಿ, ಅಥವಾ ರಿಸರ್ವ್ ಬ್ಯಾಂಕ್ ಒಪ್ಪಿರುವ ಕಡೆ ರೂಪಾಯಿಯಲ್ಲಿ ಬರಬೇಕು. ಇಬ್ಬರೂ ಒಂದೇ ಸಂಸ್ಥೆಯ ಎರಡು ಶಾಖೆಗಳಾಗಿರಬಾರದು.

ಮುಗ್ಗರಿಸುವುದು ಹೆಚ್ಚಾಗಿ ಎರಡನೆಯ ಮತ್ತು ನಾಲ್ಕನೆಯ ಷರತ್ತಿನಲ್ಲಿ. ಬ್ರಾಂಡ್ ಅಮೆರಿಕದ್ದಾದರೂ ಒಪ್ಪಂದ, ಬಿಲ್ಲು, ಪಾವತಿ ಎಲ್ಲ ಅದರ ಬೆಂಗಳೂರಿನ ಅಂಗಸಂಸ್ಥೆಯ ಹೆಸರಲ್ಲಿದ್ದರೆ ಅದು ದೇಶದೊಳಗಿನ ಸೇವೆ. ಆದ್ದರಿಂದ ಬ್ರಾಂಡಿನ ಹೆಸರು ಬಿಟ್ಟು ಒಪ್ಪಂದದ ಕೊನೆಯ ಪುಟದಲ್ಲಿ ಸಹಿ ಹಾಕಿದ ಕಂಪನಿ ಯಾವ ದೇಶದ್ದು ಎಂದು ನೋಡಿ. ಗ್ರಾಹಕರು ಯುಎಸ್‌ಡಿಟಿಯಂಥ ಕ್ರಿಪ್ಟೊದಲ್ಲಿ ಕೊಟ್ಟರೆ ಅದು ವಿದೇಶಿ ವಿನಿಮಯ ಅಲ್ಲ, ರಫ್ತಿನ ಹಕ್ಕು ಅಲ್ಲಿಗೇ ಬಿತ್ತು.

ವಿದೇಶಿ ಗ್ರಾಹಕರ ಜಾಹೀರಾತು ಭಾರತದವರ ಫೋನಿನಲ್ಲಿ ಕಾಣಿಸಿದರೆ? ಆಗಲೂ ರಫ್ತೇ. ಸೇವೆ ಪಡೆದವರು ದುಡ್ಡು ಕೊಟ್ಟ ಕಂಪನಿಯೇ ಹೊರತು ಜಾಹೀರಾತು ನೋಡಿದವರಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ 2024ರ ಸೆಪ್ಟೆಂಬರ್ 10ರ 230ನೇ ಸುತ್ತೋಲೆ ಸ್ಪಷ್ಟಪಡಿಸಿದೆ.

ನಿಜವಾದ ತೊಡಕಿರುವುದು ಅಫಿಲಿಯೇಟ್ ಕಮಿಷನ್‌ನಲ್ಲಿ, ಅಂದರೆ ಬೇರೆಯವರ ಸರಕು ಮಾರಿಸಿಕೊಟ್ಟದ್ದಕ್ಕೆ ಸಿಗುವ ದಳ್ಳಾಳಿಯಲ್ಲಿ. ಪ್ರಚಾರದ ಕೆಲಸವನ್ನು ನೀವೇ ಮಾಡಿ ಶುಲ್ಕ ಪಡೆದರೆ ಅದು ನಿಮ್ಮದೇ ಸೇವೆ. ಕೊಳ್ಳುವವರನ್ನೂ ಮಾರುವವರನ್ನೂ ಕೂಡಿಸಿ ಪ್ರತಿ ಮಾರಾಟಕ್ಕೆ ಇಷ್ಟು ಎಂದು ಪಡೆದರೆ ‘ಮಧ್ಯವರ್ತಿ’ ಎನ್ನಲು ಅಧಿಕಾರಿಗೆ ಎಡೆಯಾಗುತ್ತದೆ. ತಿದ್ದುಪಡಿಗೆ ಮುಂಚಿನ 13(8)(ಬಿ) ಕಲಮಿನ ಪ್ರಕಾರ ಮಧ್ಯವರ್ತಿಯ ಸೇವೆ ಸಲ್ಲುವುದು ಆತ ಇರುವ ಊರಿನಲ್ಲೇ, ಅಂದರೆ ಡಾಲರ್ ಬಂದರೂ ಶೇ 18 ತೆರಿಗೆ. ಈ ಕಲಮನ್ನೇ ತೆಗೆಯಬೇಕೆಂದು ಜಿಎಸ್‌ಟಿ ಮಂಡಳಿ 2025ರ ಸೆಪ್ಟೆಂಬರ್ 3ರ ಸಭೆಯಲ್ಲಿ ಶಿಫಾರಸು ಮಾಡಿತು. ತಿದ್ದುಪಡಿ ಜಾರಿಯಾಗುವುದಕ್ಕೆ ಹಿಂದಿನ ಬಿಲ್ಲುಗಳನ್ನು ಹಳೆಯ ಕಲಮಿನ ಕಣ್ಣಿನಿಂದಲೇ ನೋಡುತ್ತಾರೆ, ಹಾಗಾಗಿ ಹಳೆಯ ಒಪ್ಪಂದಗಳನ್ನು ಒಮ್ಮೆ ತೆಗೆದು ಓದಿ.

ನೋಂದಣಿ ಯಾವಾಗ?

ಸೇವೆ ಕೊಡುವವರಿಗೆ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ. ರಫ್ತನ್ನು ಕಾಯ್ದೆ ಅಂತರರಾಜ್ಯ ವಹಿವಾಟೆಂದು ಕರೆದರೂ ಸೇವೆಯವರಿಗೆ ಈ ಮಿತಿಯ ಲಾಭವನ್ನು 2017ರ ಅಕ್ಟೋಬರ್‌ನಲ್ಲೇ ಕೊಡಲಾಗಿದೆ. ‘ಒಂದು ಡಾಲರ್ ಬಂದರೂ’ ಎಂಬ ಮಾತು ಅದಕ್ಕೂ ಹಿಂದಿನದು.

ಆದರೆ 20 ಲಕ್ಷಕ್ಕೆ ಏನೇನು ಸೇರುತ್ತದೆ ಎಂಬಲ್ಲಿ ಲೆಕ್ಕ ತಪ್ಪುತ್ತದೆ. ತಿಂಗಳಿಗೆ 1,900 ಡಾಲರ್, ದರ 85 ರೂಪಾಯಿ ಎಂದಿಟ್ಟುಕೊಳ್ಳಿ: ವರ್ಷಕ್ಕೆ 19,38,000. ಮಿತಿಯೊಳಗೇ ಇದ್ದೀರಿ ಅನ್ನಿಸುತ್ತದೆ. ಊರಲ್ಲಿರುವ ಮನೆಯ ಬಾಡಿಗೆ ತಿಂಗಳಿಗೆ 8,000 ಬರುತ್ತಿದ್ದರೆ ಅದರ 96,000ವೂ ಸೇರಿ 20,34,000 ಆಯಿತು. ವಾಸದ ಮನೆಯ ಬಾಡಿಗೆಗೆ ತೆರಿಗೆ ಇಲ್ಲದಿದ್ದರೂ ಒಟ್ಟು ವಹಿವಾಟಿಗೆ ಅದು ಸೇರುತ್ತದೆ. ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಕರ್ನಾಟಕದಲ್ಲಿ ಜಿಎಸ್‌ಟಿ ನಂಬರ್ ಬಂದ ಮೇಲೆ ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆಯೂ ಬೆನ್ನಿಗೆ ಬರುತ್ತದೆ; ಹಲವರಿಗೆ ಇದು ನೋಟಿಸ್ ಬಂದಾಗಲೇ ಗೊತ್ತಾಗುವುದು.

ಮುಚ್ಚಳಿಕೆ ಮೊದಲು, ಬಿಲ್ಲು ಆಮೇಲೆ

ತೆರಿಗೆ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಎಂಬ ಮುಚ್ಚಳಿಕೆ ಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಸರ್ವಿಸಸ್, ಯೂಸರ್ ಸರ್ವಿಸಸ್, ಫರ್ನಿಶ್ ಲೆಟರ್ ಆಫ್ ಅಂಡರ್‌ಟೇಕಿಂಗ್ ಎಂದು ಹೋದರೆ ಆರ್‌ಎಫ್‌ಡಿ-11 ನಮೂನೆ ತೆರೆಯುತ್ತದೆ. ಇಬ್ಬರು ಸಾಕ್ಷಿಗಳ ಹೆಸರು, ವಿಳಾಸ ಕೊಡಬೇಕು. ಶುಲ್ಕವಿಲ್ಲ, ಹತ್ತು ನಿಮಿಷದ ಕೆಲಸ. ಇದರ ಆಯುಸ್ಸು ಮಾರ್ಚ್ 31ರವರೆಗೆ ಮಾತ್ರ. ಏಪ್ರಿಲ್‌ನ ಮೊದಲ ಬಿಲ್ಲಿಗೆ ಮುಂಚೆ ಹೊಸದು ಹಾಕಬೇಕು. ಮರೆತಿದ್ದರೆ ಗಾಬರಿ ಬೇಡ, ತಡವನ್ನು ಮನ್ನಿಸುವ ಅವಕಾಶ ಇಲಾಖೆಗಿದೆ. ಆದರೆ ಅದಕ್ಕಾಗಿ ಅಧಿಕಾರಿಗೆ ಪತ್ರ ಬರೆಯುತ್ತ ಕೂರುವುದು ಯಾರಿಗೆ ಬೇಕು?

ಬಿಲ್ಲಿನಲ್ಲಿ ಗ್ರಾಹಕರ ವಿಳಾಸ, ದೇಶ, ಸೇವೆಯ ಕೋಡ್ (ಜಾಹೀರಾತು ಸೇವೆಗೆ 998361), ಡಾಲರ್ ಮೊತ್ತ, ರೂಪಾಯಿ ಮೊತ್ತ ಇರಲಿ. ಮುಚ್ಚಳಿಕೆಯಡಿ ಐಜಿಎಸ್‌ಟಿ ಕಟ್ಟದೆ ರಫ್ತು ಮಾಡಿದೆ ಎಂಬ ಒಕ್ಕಣೆ ಕಡ್ಡಾಯ.

ಕೈಗೆ ಬಂದದ್ದಲ್ಲ, ಬಿಲ್ಲಿನಲ್ಲಿರುವುದು

ಫ್ರೀಲಾನ್ಸ್ ವೇದಿಕೆಗಳ ಮೂಲಕ ದುಡಿಯುವವರು ಇಲ್ಲಿ ನಿಧಾನಿಸಿ ಓದಬೇಕು. ಕೆಲಸದ ಬೆಲೆ 1,000 ಡಾಲರ್. ವಿದೇಶಿ ವೇದಿಕೆ 100 ಡಾಲರ್ ಶುಲ್ಕ ಮುರಿದುಕೊಂಡು 900 ಕಳಿಸುತ್ತದೆ. ಬ್ಯಾಂಕಿಗೆ ಬಂದ 76,500 ರೂಪಾಯಿಯನ್ನೇ ವಹಿವಾಟೆಂದು ಬರೆಯುವವರು ಬಹಳ. ವಹಿವಾಟು 85,000. ಮುರಿದುಕೊಂಡ 8,500 ನೀವು ಹೊರಗಿನಿಂದ ಆಮದು ಮಾಡಿಕೊಂಡ ಸೇವೆ. ನೋಂದಣಿ ಇದ್ದವರು ಅದರ ಮೇಲೆ ರಿವರ್ಸ್ ಚಾರ್ಜ್‌ನಲ್ಲಿ (ಮಾರಿದವರ ಬದಲು ಕೊಂಡವರೇ ತೆರಿಗೆ ಕಟ್ಟುವ ಪದ್ಧತಿ) ಶೇ 18, ಅಂದರೆ 1,530 ರೂಪಾಯಿ ಕಟ್ಟಬೇಕು. ಇದನ್ನು ಇನ್‌ಪುಟ್ ಕ್ರೆಡಿಟ್‌ನಿಂದ (ಖರೀದಿಯಲ್ಲಿ ಕೊಟ್ಟು, ಮುಂದೆ ಕಟ್ಟುವ ತೆರಿಗೆಯಲ್ಲಿ ಮುರಿದುಕೊಳ್ಳಬಹುದಾದ ಜಿಎಸ್‌ಟಿ) ತೀರಿಸುವಂತಿಲ್ಲ, ಪೋರ್ಟಲ್‌ನಲ್ಲಿ ನೀವು ದುಡ್ಡು ತುಂಬುವ ನಗದು ಲೆಡ್ಜರ್‌ನಿಂದಲೇ ಹೋಗಬೇಕು. ಆದರೆ ಕಟ್ಟಿದ್ದು ಇನ್‌ಪುಟ್ ಕ್ರೆಡಿಟ್ ಆಗಿ ಮರಳುತ್ತದೆ.

ವಿದೇಶಿ ಸಾಫ್ಟ್‌ವೇರ್ ಚಂದಾಗಳಿಗೂ ಇದೇ ನಿಯಮ. ನೋಂದಣಿ ಆದ ದಿನವೇ ನಿಮ್ಮ ಜಿಎಸ್‌ಟಿ ನಂಬರನ್ನು ಆ ಖಾತೆಗಳಲ್ಲಿ ತುಂಬಿ. ಇಲ್ಲದಿದ್ದರೆ ಅವರು ನಿಮ್ಮನ್ನು ನೋಂದಣಿ ಇಲ್ಲದವರೆಂದೇ ಎಣಿಸಿ ಬಿಲ್ಲಿನಲ್ಲಿ ಶೇ 18 ಸೇರಿಸುತ್ತಾರೆ. ಆ ತೆರಿಗೆಗೆ ಕ್ರೆಡಿಟ್ ಸಿಗದು.

ರಿಟರ್ನ್‌ನಲ್ಲಿ ಯಾವ ಖಾನೆ?

ಬಿಲ್ಲುಗಳ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್‌ನಲ್ಲಿ ರಫ್ತಿನ 6ಎ ಕೋಷ್ಟಕ, ‘ತೆರಿಗೆ ಪಾವತಿ ಇಲ್ಲದೆ’ ಎಂಬ ಆಯ್ಕೆ. ಸೇವೆಗೆ ಶಿಪ್ಪಿಂಗ್ ಬಿಲ್ ಇಲ್ಲ, ಆ ಖಾನೆ ಖಾಲಿ ಬಿಡಿ. ಒಟ್ಟು ಲೆಕ್ಕ ಕೊಟ್ಟು ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿಯಲ್ಲಿ ಸೊನ್ನೆ ದರದ ಖಾನೆ 3.1(ಬಿ). ‘ತೆರಿಗೆ ಇಲ್ಲವಲ್ಲ’ ಎಂದು ಪಕ್ಕದ 3.1(ಸಿ), ಅಂದರೆ ವಿನಾಯಿತಿಯ ಖಾನೆಗೆ ತುಂಬುವ ತಪ್ಪು ದುಬಾರಿ: ವಿನಾಯಿತಿ ಸೇವೆಗೆ ಇನ್‌ಪುಟ್ ಕ್ರೆಡಿಟ್ ಇಲ್ಲವಾದ್ದರಿಂದ ಅದನ್ನೆಲ್ಲ ಹಿಂತಿರುಗಿಸಿ ಎಂದು ಕೇಳುತ್ತಾರೆ. ರಿವರ್ಸ್ ಚಾರ್ಜ್ ಮೊತ್ತ 3.1(ಡಿ)ಗೆ, ಅದರ ಕ್ರೆಡಿಟ್ 4(ಎ)(2)ಕ್ಕೆ.

ಹಣ ಬಂದದ್ದಕ್ಕೆ ಸಾಕ್ಷಿ

ಪ್ರತಿ ಪಾವತಿಗೂ ಬ್ಯಾಂಕಿನಿಂದ ಎಫ್‌ಐಆರ್‌ಸಿ ಅಥವಾ ಎಫ್‌ಐಆರ್‌ಎ, ಅಂದರೆ ವಿದೇಶದಿಂದ ಹಣ ಬಂದದ್ದಕ್ಕೆ ಕೊಡುವ ಪ್ರಮಾಣಪತ್ರ, ಪಡೆದಿಡಿ. ಪೇಪಾಲ್ ಬಳಸುವವರು ತಮ್ಮ ಖಾತೆಯಿಂದಲೇ ಇಳಿಸಿಕೊಳ್ಳಬಹುದು. ಅದರಲ್ಲಿರುವ, ಹಣ ಯಾವುದಕ್ಕೆ ಬಂತೆಂದು ಹೇಳುವ ಪರ್ಪಸ್ ಕೋಡ್ ನೋಡದೆ ಕಡತಕ್ಕೆ ಸೇರಿಸಬೇಡಿ. ಜಾಹೀರಾತು ಸೇವೆಗೆ ಪಿ1007. ಪಿ1301 ಎಂದಿದ್ದರೆ ವಿದೇಶದಲ್ಲಿರುವವರು ಮನೆ ಖರ್ಚಿಗೆ ಕಳಿಸಿದ ಹಣ ಎಂದರ್ಥ. ಅದನ್ನು ರಫ್ತಿನ ಸಾಕ್ಷಿಯಾಗಿ ಹಿಡಿದುಕೊಂಡು ರೀಫಂಡ್ ಕೇಳಲು ಹೋದರೆ ಮೊದಲ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತೀರಿ. ಕೂಡಲೇ ಬ್ಯಾಂಕಿಗೆ ಬಿಲ್ಲಿನ ಪ್ರತಿ ಕೊಟ್ಟು ತಿದ್ದಿಸಿ.

ಬಿಲ್ಲು ಬರೆದ ಒಂದು ವರ್ಷದೊಳಗೆ (ವಿದೇಶಿ ವಿನಿಮಯ ಕಾನೂನು ಅದಕ್ಕಿಂತ ಹೆಚ್ಚು ಅವಧಿ ಕೊಟ್ಟಿದ್ದರೆ ಅಷ್ಟರೊಳಗೆ) ಹಣ ಬಾರದಿದ್ದರೆ ಮುಂದಿನ 15 ದಿನದಲ್ಲಿ ತೆರಿಗೆಯನ್ನು ಶೇ 18ರ ಬಡ್ಡಿಯೊಡನೆ ಕಟ್ಟಬೇಕು. ಆಯುಕ್ತರು ಅವಧಿ ವಿಸ್ತರಿಸಿದರೆ ಬೇರೆ ಮಾತು. ಹತ್ತನೇ ತಿಂಗಳಿನಲ್ಲೇ ಬಾಕಿ ಬಿಲ್ಲುಗಳ ಪಟ್ಟಿ ತೆಗೆದು ಗ್ರಾಹಕರಿಗೆ ಬರೆಯುವುದು ಒಳ್ಳೆಯದು.

ಬಳಸದೆ ಉಳಿದ ಇನ್‌ಪುಟ್ ಕ್ರೆಡಿಟ್‌ಗೆ ಆರ್‌ಎಫ್‌ಡಿ-01 ನಮೂನೆಯಲ್ಲಿ ಎರಡು ವರ್ಷದೊಳಗೆ ರೀಫಂಡ್ ಕೇಳಬಹುದು. 1,000 ರೂಪಾಯಿಗಿಂತ ಕಡಿಮೆ ಮೊತ್ತ ಕೊಡುವುದಿಲ್ಲ. ಲ್ಯಾಪ್‌ಟಾಪ್, ಕ್ಯಾಮೆರಾವನ್ನು ಬಂಡವಾಳ ಸರಕೆಂದು ಲೆಕ್ಕಕ್ಕೆ ಹಿಡಿದಿದ್ದರೆ ಅವುಗಳ ತೆರಿಗೆ ಈ ರೀಫಂಡಿಗೆ ಸೇರದು: 90,000ದ ಲ್ಯಾಪ್‌ಟಾಪಿಗೆ ಕೊಟ್ಟ 16,200 ಲೆಡ್ಜರ್‌ನಲ್ಲೇ ಉಳಿದು, ದೇಶದೊಳಗಿನ ಗ್ರಾಹಕರೊಬ್ಬರು ಸಿಕ್ಕಿ ಅವರಿಗೆ ತೆರಿಗೆ ಹಾಕುವ ದಿನ ಉಪಯೋಗಕ್ಕೆ ಬರುತ್ತದೆ.