ವಾರ್ಡಿನಲ್ಲಿ ವೇಪ್ ಸಿಕ್ಕರೆ ಏನು ಮಾಡಬೇಕು?

ಗೇಟಿನಲ್ಲಿ ‘ಧೂಮಪಾನ ನಿಷೇಧ’ ಬೋರ್ಡ್ ಹಾಕಿಬಿಟ್ಟರೆ ಕೆಲಸ ಮುಗಿಯಿತು ಅಂತ ತುಂಬಾ ಆಸ್ಪತ್ರೆಯವರು ಅಂದುಕೊಂಡಿದ್ದಾರೆ. ನಾನು ಶಿವಮೊಗ್ಗ, ಸಾಗರದ ಕಡೆ ವಾರ್ಡುಗಳಲ್ಲೇ ವರ್ಷಗಟ್ಟಲೆ ಓಡಾಡಿದವಳು. ಅಜ್ಜನನ್ನು ನೋಡಿಕೊಳ್ಳಲು ಬೆಂಗಳೂರಿಂದ ಬಂದ ಮೊಮ್ಮಗ ಬಾತ್‌ರೂಮಿನಲ್ಲಿ ನಿಂತು ವೇಪ್ ಎಳೆಯುತ್ತಾನೆ. ವೇಪ್ ಅಂದರೆ ದ್ರವವನ್ನು ಬ್ಯಾಟರಿಯಿಂದ ಕಾಯಿಸಿ ಹಬೆ ಎಳೆಯುವ ಇ-ಸಿಗರೇಟ್. ಕೇಳಿದರೆ ‘ಇದು ಸಿಗರೇಟ್ ಅಲ್ಲ ಸಿಸ್ಟರ್, ಬರೀ ಹಬೆ’ ಅನ್ನುತ್ತಾನೆ. ಹೊಸ ಸಿಸ್ಟರ್‌ಗೆ ಏನು ಹೇಳಬೇಕೋ ಗೊತ್ತಾಗುವುದಿಲ್ಲ. ಯಾಕೆಂದರೆ ಆಸ್ಪತ್ರೆಯ ನಿಯಮದಲ್ಲಿ ವೇಪ್ ಅನ್ನೋ ಪದವೇ ಇಲ್ಲ.

ಮೊದಲು ಕಾನೂನು ತಿಳಿದುಕೊಳ್ಳಿ. ನಮ್ಮ ರಾಜ್ಯ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರಲ್ಲಿ ಕೇಂದ್ರದ ಕಾಯ್ದೆಯೇ ಬಂತು. ತಯಾರಿಕೆ, ಆಮದು, ಮಾರಾಟ, ಸಾಗಣೆ, ದಾಸ್ತಾನು, ಜಾಹೀರಾತು ಯಾವುದೂ ಕೂಡದು. ಮಾರಿ ಸಿಕ್ಕಿಬಿದ್ದರೆ ಮೊದಲ ಸಲ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಸೇದುವವನಿಗೆ ಅಂತ ಆ ಕಾಯ್ದೆಯಲ್ಲಿ ಬೇರೆ ಶಿಕ್ಷೆ ಇಲ್ಲ. ಹಾಗಾಗಿ ‘ಜೈಲಿಗೆ ಕಳಿಸ್ತೀವಿ’ ಅಂತ ಹುಡುಗರನ್ನು ಹೆದರಿಸಬೇಡಿ, ಫೋನಿನಲ್ಲಿ ಹುಡುಕಿ ನಿಮಗೇ ತಿರುಗಿ ಹೇಳುತ್ತಾರೆ. ಆಸ್ಪತ್ರೆಗೆ ತನ್ನದೇ ನಿಯಮ ಬೇಕು.

ಆ ನಿಯಮ ಒಂದು ಪುಟ ಸಾಕು. ವೇಪ್, ಪಾಡ್, ಇ-ಹುಕ್ಕಾ ಅಂತ ಹೆಸರು ಹಿಡಿದು ಬರೆಯಿರಿ. ‘ನಿಕೋಟಿನ್ ಇಲ್ಲದ್ದು’ ಅಂತ ಮಾರುವುದನ್ನೂ ಸೇರಿಸಿ, ಕಾಯ್ದೆಗೆ ಅದೂ ಒಂದೇ, ಇದೂ ಒಂದೇ. ಕ್ಯಾಂಟೀನು, ಪಾರ್ಕಿಂಗು, ಆಂಬುಲೆನ್ಸು, ಡಾಕ್ಟರುಗಳ ಡ್ಯೂಟಿ ರೂಮು ಎಲ್ಲಕ್ಕೂ ಅನ್ವಯಿಸಲಿ. ಇಂಟರ್ನೆಟ್ಟಿನಿಂದ ಇಂಗ್ಲೆಂಡಿನ ಯಾವುದೋ ಆಸ್ಪತ್ರೆಯ ಪಾಲಿಸಿ ಕಾಪಿ ಮಾಡುವುದು ಮಾತ್ರ ಬೇಡ. ಅಲ್ಲಿ ವೇಪ್ ಮಾರಾಟಕ್ಕೆ ಅನುಮತಿ ಇದೆ, ಕೆಲವು ಆಸ್ಪತ್ರೆಗಳು ಹೊರಗೆ ಸೇದಲು ಬಿಡುತ್ತವೆ. ನಮ್ಮಲ್ಲಿ ಹಾಗಿಲ್ಲ.

‘ಧೂಮಪಾನ ನಿಷೇಧ’ ಬೋರ್ಡ್ 60 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರಕ್ಕೆ ಕಡಿಮೆ ಇರಬಾರದು. ದೂರು ಯಾರಿಗೆ ಕೊಡಬೇಕು ಅನ್ನೋ ಹೆಸರು, ಫೋನ್ ನಂಬರ್ ಬರೆಸಿ. ಅದರ ಕೆಳಗೆ ವೇಪ್ ಚಿತ್ರದ ಇನ್ನೊಂದು ಬೋರ್ಡ್ ಹಾಕಿಸಿ, ಆಯ್ತು.

ಅಡ್ಮಿಷನ್ ಹೊತ್ತಲ್ಲಿ ಕೇಳುವ ರೀತಿ ಬದಲಾಗಬೇಕು. ‘ಸ್ಮೋಕಿಂಗ್ ಇದೆಯಾ?’ ಅಂದರೆ ವೇಪ್ ಸೇದುವವರು ‘ಇಲ್ಲ’ ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಸುಳ್ಳಲ್ಲ. ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾ, ವೇಪ್ ಅಂತ ಒಂದೊಂದಾಗಿ ಕೇಳಿ. ಅಪ್ಪ ಪಕ್ಕದಲ್ಲಿದ್ದರೆ ಮಗ ಬಾಯಿ ಬಿಡುವುದಿಲ್ಲ. ‘ಯಜಮಾನ್ರೇ, ಕೌಂಟರ್‌ನಿಂದ ಫೈಲ್ ತರ್ತೀರಾ?’ ಅಂತ ಕಳಿಸಿ ಆಮೇಲೆ ಕೇಳಿ. ಆಪರೇಷನ್ ಇದ್ದರಂತೂ ಅರಿವಳಿಕೆ ಡಾಕ್ಟರಿಗೆ ಇದು ಗೊತ್ತಿರಲೇಬೇಕು. ನಿಕೋಟಿನ್ ರಕ್ತನಾಳವನ್ನು ಬಿಗಿ ಮಾಡುತ್ತದೆ, ಗಾಯ ಬೇಗ ಮಾಯುವುದಿಲ್ಲ.

ಇನ್ನು ಎಲ್ಲರೂ ಎಡವುವ ಜಾಗ. ವೇಪ್ ಕೈಗೆ ಸಿಕ್ಕಾಗ ಏನು ಮಾಡಬೇಕು?

ಒಂದು ಮಳೆಗಾಲದ ರಾತ್ರಿ ನಡೆದದ್ದು ಹೇಳುತ್ತೇನೆ. ಇರಚಲು ಹೊಡೆಯುತ್ತದೆ ಅಂತ ಕಿಟಕಿಗಳನ್ನೆಲ್ಲ ಹಾಕಿದ್ದೆವು. ಫಿನಾಯಿಲ್ ವಾಸನೆ ಮಧ್ಯೆ ಸ್ಟ್ರಾಬೆರಿ ವಾಸನೆ ಬಂತು. ಯಾರೋ ಬಿಸ್ಕತ್ ಪೊಟ್ಟಣ ಬಿಚ್ಚಿದರು ಅಂದುಕೊಂಡೆವು. ನೋಡಿದರೆ ಆಕ್ಸಿಜನ್ ಹಾಕಿದ್ದ ಅಜ್ಜನ ದಿಂಬಿನ ಪಕ್ಕ ಹೈಲೈಟರ್ ಪೆನ್ನಿನಂಥದ್ದೊಂದು, ತುದಿಯಲ್ಲಿ ನೀಲಿ ದೀಪ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಆದರೆ ಸುತ್ತಲಿನ ಹೊದಿಕೆ, ಕೂದಲು, ಮಾಸ್ಕಿನ ಪ್ಲಾಸ್ಟಿಕ್ಕು ಎಲ್ಲವೂ ಕ್ಷಣದಲ್ಲಿ ಹತ್ತಿಕೊಳ್ಳುವಂತೆ ಮಾಡುತ್ತದೆ. ವೇಪ್ ಒಳಗೆ ಕಾಯುವ ತಂತಿ ಇದೆ, ಲಿಥಿಯಂ ಬ್ಯಾಟರಿ ಇದೆ. ನಮ್ಮ ವಾರ್ಡಿನ ಕೆಲಸದ ಹುಡುಗ ಗಾಬರಿಯಲ್ಲಿ ಅದನ್ನು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಎಸೆದ. ಹಳದಿ ಚೀಲ ಹೋಗುವುದು ಸುಡುವ ಘಟಕಕ್ಕೆ! ಬ್ಯಾಟರಿ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ. ಪುಣ್ಯಕ್ಕೆ ಚೀಲ ಕಟ್ಟುವ ಮೊದಲೇ ನೋಡಿ ತೆಗೆದೆವು.

ಹಾಗಾಗಿ ಮೊದಲು ವೇಪ್ ಅನ್ನು ಮಂಚದಿಂದ ದೂರ ಒಯ್ಯಿರಿ, ಮಾತು ಆಮೇಲೆ. ‘ತಮ್ಮಾ, ಮೊದ್ಲು ಇದನ್ನ ಹೊರಗೆ ತಗೊಂಡು ಬಾ, ಅಜ್ಜಂಗೆ ಆಕ್ಸಿಜನ್ ಇದೆ’ ಅಂದರೆ ಸಾಕು, ಹೆಚ್ಚಿನವರು ಬರುತ್ತಾರೆ. ಎಲ್ಲರೆದುರು ಬೈದರೆ ನಾಳೆ ಇನ್ನೂ ಮರೆಯಲ್ಲಿ ಸೇದುತ್ತಾನೆ ಅಷ್ಟೆ. ಬ್ಯಾಗಿಗೆ ಕೈ ಹಾಕಬೇಡಿ, ಸೆಕ್ಯೂರಿಟಿಯವರಿಂದಲೂ ಹಾಕಿಸಬೇಡಿ. ವಾರ್ಡಿನ ಪ್ಲಗ್ಗಿನಲ್ಲಿ ಚಾರ್ಜ್ ಮಾಡಲು ಯಾವ ಕಾರಣಕ್ಕೂ ಬಿಡಬೇಡಿ. ಬಿಸಿಯಾಗಿದ್ದರೆ, ಉಬ್ಬಿದ್ದರೆ ಬಿಚ್ಚಲು ಹೋಗದೆ ಹೊರಗಿನ ಮರಳಿನ ಬಕೆಟ್ಟಿಗೆ ಹಾಕಿ. ಸರಿಯಾಗಿದ್ದರೆ ಅವನೇ ಆಸ್ಪತ್ರೆಯಿಂದಾಚೆ ಒಯ್ಯಲಿ.

ವಾರಸುದಾರರೇ ಇಲ್ಲದ್ದು ಸಿಕ್ಕರೆ? ರಿಜಿಸ್ಟರಿನಲ್ಲಿ ದಿನ, ಹೊತ್ತು, ಸಿಕ್ಕ ಜಾಗ ಬರೆದು ಇಬ್ಬರ ಸಹಿ ಹಾಕಿಸಿ, ಠಾಣೆಯ ಸಬ್ ಇನ್‌ಸ್ಪೆಕ್ಟರಿಗೆ ಒಪ್ಪಿಸಿ. ಡ್ರಾಯರಿನಲ್ಲಿ ಕೂಡಿಟ್ಟುಕೊಳ್ಳಬೇಡಿ. ದಾಸ್ತಾನಿಗೆ ಜಾಗ ಕೊಟ್ಟವರಿಗೂ 6 ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ ಇದೆ, ಆಸ್ಪತ್ರೆಗೆ ಆ ತಲೆನೋವು ಯಾಕೆ? ಮಕ್ಕಳ ಕೈಗಂತೂ ಸಿಗಲೇಬಾರದು, ಒಳಗಿನ ದ್ರವ ಕುಡಿದರೆ ವಿಷ.

ವೇಪ್ ಕೈತಪ್ಪಿದ ರೋಗಿ ಆ ರಾತ್ರಿ ಚಡಪಡಿಸುತ್ತಾನೆ, ಸಿಡುಕುತ್ತಾನೆ. ಅದು ಹಟ ಅಲ್ಲ, ನಿಕೋಟಿನ್ ಬಿಟ್ಟ ಸಂಕಟ. ನೈಟ್ ಡ್ಯೂಟಿಯವರಿಗೆ ಹೇಳಿಯೇ ಹೋಗಿ. ನಿಕೋಟಿನ್ ಗಮ್ ಅಥವಾ ಪ್ಯಾಚ್ ಬೇಕಾ ಅಂತ ಡಾಕ್ಟರನ್ನು ಕೇಳಿ. ಸಿಗರೇಟ್ ಬಿಡಿಸುತ್ತದೆ ಅಂತ ಆನ್‌ಲೈನಿನಲ್ಲಿ ಮಾರುವ ‘ಹರ್ಬಲ್ ವೇಪ್’ ತರಿಸಲೇಬೇಡಿ, ಅದೂ ನಿಷೇಧದೊಳಗೇ ಬರುತ್ತದೆ. ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ ಇದೆ, 1800-11-2356. ನಾನು ಅದನ್ನು ಡಿಸ್ಚಾರ್ಜ್ ಕಾರ್ಡಿನ ಮೇಲ್ಗಡೆ ಪೆನ್ನಿನಲ್ಲೇ ದೊಡ್ಡದಾಗಿ ಬರೆಯುತ್ತೇನೆ. ಪ್ರಿಂಟ್ ಹಾಕಿಸಿದ ಚೀಟಿಗಳು ಬಸ್‌ಸ್ಟ್ಯಾಂಡ್ ತಲುಪುವ ಮೊದಲೇ ಕಳೆದುಹೋಗುತ್ತವೆ, ಕಾರ್ಡನ್ನು ಮುಂದಿನ ಚೆಕಪ್ಪಿಗೆ ತಂದೇ ತರಬೇಕಲ್ವಾ.