ಬಾನೆಟ್ ಕೆಳಗೆ ಇಲಿ ಸಂಸಾರ

ನಮ್ಮ ಮನೆ ಸಾಗರ ತಾಲ್ಲೂಕಿನಲ್ಲಿ, ಅಡಿಕೆ ತೋಟದ ಅಂಚಿಗೇ ಇದೆ. ಕಾರು ನಿಲ್ಲುವುದು ಕೊಟ್ಟಿಗೆಗೆ ಹೊಂದಿಕೊಂಡ ತಗಡಿನ ಮಾಡಿನ ಕೆಳಗೆ. ಒಂದು ಬದಿಗೆ ಹಿಂಡಿಯ ಮೂಟೆ, ಇನ್ನೊಂದು ಬದಿಗೆ ಒಣಹುಲ್ಲು, ಮೂಲೆಯಲ್ಲಿ ಹಳೆಯ ಗೋಣಿಚೀಲಗಳು. ಊಟವೂ ಹಾಸಿಗೆಯೂ ಅಲ್ಲೇ ಸಿಗುವಾಗ, ಮಳೆ ಹಿಡಿದು ಬಿಲಕ್ಕೆ ನೀರು ನುಗ್ಗಿದ ಇಲಿ ಬೆಚ್ಚಗಿನ ಇಂಜಿನ್ನನ್ನು ಬಿಟ್ಟೀತೇ? ಆಷಾಢದಲ್ಲಿ ಕಾರು ಹೊರಗೆ ಹೋಗುವುದೂ ಕಡಿಮೆ. ಇಂಜಿನ್ ದೀಪ ಹೊತ್ತಿಕೊಂಡು, ಗಾಡಿ ನಡುಗುತ್ತಾ ಓಡತೊಡಗಿದಾಗ ಬಾನೆಟ್ ಎತ್ತಿದೆ. ಬ್ಯಾಟರಿಯ ಹಿಂದೆ ಗೂಡು ಕಟ್ಟಿಯಾಗಿತ್ತು. ಬಾನೆಟ್ಟಿನ ಒಳಮೈಗೆ ಅಂಟಿಸಿದ್ದ ಹತ್ತಿಯಂಥ ಹಾಳೆಯನ್ನು ಹರಿದು ಮೆತ್ತೆ ಮಾಡಿಕೊಂಡು, ಮೇಲೆ ಗೋಣಿನಾರು ಹಾಸಿ, ನಡುವೆ ಕೊಬ್ಬರಿ ಚೂರು ಕೂಡಿಟ್ಟಿದ್ದವು. ಇಂಜಿನ್ನಿಗೆ ಇಂಧನ ಚಿಮುಕಿಸುವ ಇಂಜೆಕ್ಟರಿಗೆ ಹೋಗುವ ಎರಡು ತಂತಿಗಳು ಕತ್ತರಿ ಹಾಕಿದ ಹಾಗೆ ತುಂಡಾಗಿದ್ದವು.

ವರ್ಕ್‌ಶಾಪಿನವರು ಇಡೀ ವೈರಿಂಗ್ ಬದಲಿಸಬೇಕೆಂದರು. ಪಂಪ್‌ಸೆಟ್ಟಿನ ವೈರಿಂಗನ್ನು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿರುವುದರಿಂದ ಈ ಕೆಲಸಕ್ಕೂ ನಾನೇ ಕೂತೆ.

ಮೊದಲ ಕೆಲಸ ಗೂಡು ತೆಗೆಯುವುದು. ಇದನ್ನು ಪೊರಕೆ ಹಿಡಿದು ಗುಡಿಸಬಾರದು, ಗಾಳಿ ಊದಿಯೂ ತೆಗೆಯಬಾರದು. ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್, ಅಂದರೆ ನಮ್ಮಲ್ಲಿ ಇಲಿ ಜ್ವರ ಎನ್ನುವ ಕಾಯಿಲೆ ಬರುತ್ತದೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರಿಗೆ ಇದು ಹೊಸ ಸುದ್ದಿಯಲ್ಲ. ಕೈಗವಸು, ಮಾಸ್ಕ್ ಹಾಕಿಕೊಂಡು, ಗೂಡಿನ ಮೇಲೆ ಬ್ಲೀಚಿಂಗ್ ನೀರು ಚಿಮುಕಿಸಿ, ನೆನೆಯಲು ಬಿಟ್ಟು, ಆಮೇಲೆ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದೆ. ಕನೆಕ್ಟರುಗಳ ಮೇಲೆ ಆ ನೀರು ಬೀಳದಂತೆ ಬಟ್ಟೆ ಮುಚ್ಚಿದ್ದೆ. ಡ್ಯಾಶ್‌ಬೋರ್ಡಿನ ಡಬ್ಬಿಯ ಹಿಂದಿರುವ ಏಸಿ ಫಿಲ್ಟರನ್ನೂ ಎಳೆದು ನೋಡಬೇಕು. ಏಸಿ ಹಾಕಿದಾಗ ವಾಸನೆ ಬರುತ್ತಿದ್ದರೆ ಅಲ್ಲೊಂದು ಗೂಡಿರುವ ಸಾಧ್ಯತೆಯೇ ಹೆಚ್ಚು.

ತಂತಿ ಜೋಡಿಸುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಬೇಕು. ತುಂಡಾದ ತಂತಿಗಳು ಅಕ್ಕಪಕ್ಕದಲ್ಲಿದ್ದರೆ ಎರಡರ ಬೆಸುಗೆಯೂ ಒಂದೇ ಜಾಗದಲ್ಲಿ ಬರಬಾರದು. ಒಂದನ್ನು ಮೇಲೆ, ಇನ್ನೊಂದನ್ನು ಎರಡು ಇಂಚು ಕೆಳಗೆ ಕತ್ತರಿಸಿ ಜೋಡಿಸಿದರೆ ತಾಗುವ ಭಯವಿಲ್ಲ, ಕಟ್ಟೂ ದಪ್ಪವಾಗುವುದಿಲ್ಲ. ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆಯನ್ನು ಬೆಸುಗೆಗೆ ಮೊದಲೇ ತಂತಿಗೆ ತೂರಿಸಿಡಬೇಕು. ಎಲ್ಲ ತಂತಿಗೂ ಬೆಸುಗೆ ಸಲ್ಲದು. ಹೊಗೆ ಕೊಳವೆಯ ಆಕ್ಸಿಜನ್ ಸೆನ್ಸರುಗಳಲ್ಲಿ ಹಲವು ತಮ್ಮ ತಂತಿಯ ಎಳೆಗಳ ನಡುವಿನ ಸಂದಿಯಿಂದಲೇ ಹೊರಗಿನ ಗಾಳಿ ಎಳೆದುಕೊಳ್ಳುತ್ತವೆ. ಅಲ್ಲಿ ಸೀಸ ಕರಗಿಸಿ ಹಾಕಿದರೆ ಆ ದಾರಿ ಮುಚ್ಚಿ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ. ಅದಕ್ಕೆ ಅದುಮಿ ಕೂರಿಸುವ ಜೋಡಣೆಯೇ ಆಗಬೇಕು. ಹಳದಿ ಹೊದಿಕೆಯ ಏರ್‌ಬ್ಯಾಗ್ ತಂತಿಗೆ ಹಲ್ಲು ತಾಗಿದ್ದರೆ ನಾನು ಮುಟ್ಟುವುದಿಲ್ಲ. ಬ್ರೇಕ್ ಮತ್ತು ಪೆಟ್ರೋಲ್ ಕೊಳವೆಗೂ ಅದೇ ಮಾತು. ಅವು ವರ್ಕ್‌ಶಾಪಿನವರ ಕೆಲಸ.

ಜೋಡಿಸಿದ ಕಡೆಯೆಲ್ಲ ಸುರುಳಿ ಕೊಳವೆ ಹೊದಿಸಿ, ಅದರ ಮೇಲೆ ಖಾರದ ಟೇಪು ಸುತ್ತಿದೆ. ತಮಾಷೆಯಲ್ಲ, ಮೆಣಸಿನಕಾಯಿಯ ಖಾರದ ಅಂಶವನ್ನೇ ಬೆರೆಸಿದ ಇಂಥ ಟೇಪನ್ನು ಹೋಂಡಾ ಕಂಪನಿ ಮಾರುತ್ತದೆ. ಸುತ್ತಿದ ಕೈಯಲ್ಲಿ ಕಣ್ಣುಜ್ಜಿಕೊಳ್ಳಬೇಡಿ.

ಈಗಿನ ತಂತಿಗಳ ಹೊದಿಕೆಯಲ್ಲಿ ಸೋಯಾ ಇರುವುದರಿಂದಲೇ ಇಲಿಗಳಿಗೆ ಅದು ರುಚಿ ಎಂಬ ಮಾತಿದೆ. ಅಮೆರಿಕದಲ್ಲಿ ಇದೇ ವಾದದ ಮೇಲೆ ಕಾರು ಕಂಪನಿಗಳ ವಿರುದ್ಧ ದಾವೆಗಳೂ ನಡೆದಿವೆ. ನನಗೆ ಇದರಲ್ಲಿ ಅಷ್ಟು ನಂಬಿಕೆಯಿಲ್ಲ. ನಮ್ಮ ಪಂಪ್‌ಸೆಟ್ಟಿನ ಮೂವತ್ತು ವರ್ಷ ಹಳೆಯ ಪಿವಿಸಿ ತಂತಿಯನ್ನೂ ಅವು ಕಡಿದಿವೆ. ಇಲಿಯ ಮುಂಬಲ್ಲು ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತದೆ, ಸವೆಸಿಕೊಳ್ಳದೆ ಅದಕ್ಕೆ ಗತಿಯಿಲ್ಲ. ಬಾಗಿಲ ಚೌಕಟ್ಟು, ಸಾಬೂನು, ತಂತಿ ಎಲ್ಲವೂ ಅದಕ್ಕೆ ಒಂದೇ.

ರಿಪೇರಿ ಮಾಡಿ ಸುಮ್ಮನೆ ಕೂತರೆ ಮತ್ತೆ ಬರುತ್ತವೆ. ಎಲ್ಲಿಂದ ಹತ್ತುತ್ತಿವೆ ಎಂದು ತಿಳಿಯಲು ನಾಲ್ಕೂ ಚಕ್ರಗಳ ಸುತ್ತ ರಂಗೋಲಿ ಪುಡಿ ಚೆಲ್ಲಿದೆ. ಹಿಟ್ಟಾದರೆ ಅದನ್ನೇ ತಿಂದು ಹೋಗುತ್ತವೆ. ರಂಗೋಲಿ ಕಲ್ಲಿನ ಪುಡಿ, ಆ ಭಯವಿಲ್ಲ. ಬೆಳಿಗ್ಗೆ ನೋಡಿದರೆ ಹೆಜ್ಜೆಗಳ ನಡುವೆ ಬಾಲ ಎಳೆದ ಸಣ್ಣ ಗೆರೆ, ಎಲ್ಲವೂ ಹಿಂಡಿ ಮೂಟೆಯ ಕಡೆಯಿಂದ ಮುಂದಿನ ಎಡ ಚಕ್ರಕ್ಕೆ. ಉಳಿದ ಮೂರು ಚಕ್ರಗಳ ಸುತ್ತ ಪುಡಿ ಕದಡಿರಲಿಲ್ಲ. ಹಿಂಡಿಯನ್ನು ಮುಚ್ಚಳವಿರುವ ತಗಡಿನ ಡ್ರಮ್ಮಿಗೆ ತುಂಬಿದೆ, ಹುಲ್ಲನ್ನು ಅಟ್ಟಕ್ಕೆ ಏರಿಸಿದೆ, ಗೋಣಿಚೀಲಗಳನ್ನು ತೋಟದ ಮನೆಗೆ ಸಾಗಿಸಿದೆ, ಕಾರನ್ನು ಗೋಡೆಯಿಂದ ದೂರ ಸರಿಸಿದೆ. ನನ್ನ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಫಲ ಸಿಕ್ಕಿದ್ದು ಇಷ್ಟರಿಂದಲೇ.

ವೈಪರಿನ ಕೆಳಗೆ ಹೊರಗಿನ ಗಾಳಿ ಒಳಗೆ ಹೋಗುವ ಕಿಂಡಿಯಿದೆ. ಅದಕ್ಕೆ 6 ಮಿಲಿಮೀಟರ್ ಕಣ್ಣಿನ ಕಬ್ಬಿಣದ ಬಲೆಯನ್ನು ಕತ್ತರಿಸಿ ಕೂರಿಸಿದೆ. ಸುಂಡಿಲಿ ಬೆರಳು ತೂರದ ಸಂದಿಯಲ್ಲೂ ನುಸುಳುತ್ತದೆ, ದೊಡ್ಡ ಕಣ್ಣಿನ ಬಲೆ ದಂಡ. ನಿಲ್ಲಿಸುವಾಗ ಏಸಿಯನ್ನು ಒಳಗಿನ ಗಾಳಿ ಸುತ್ತುವ ಗುಂಡಿಗೆ ಇಟ್ಟರೆ ಹೆಚ್ಚಿನ ಕಾರುಗಳಲ್ಲಿ ಆ ದಾರಿಯ ಮುಚ್ಚಳವೂ ಮುಚ್ಚಿಕೊಳ್ಳುತ್ತದೆ.

ಬೋನಿನ ವಿಷಯದಲ್ಲಿ ತಾಳ್ಮೆ ಬೇಕು. ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಸುಟ್ಟ ಕೊಬ್ಬರಿ ಚೂರಿಟ್ಟು, ಬಾಗಿಲು ಬೀಳದಂತೆ ಕಟ್ಟಿ, ಗೋಡೆಯ ಬುಡದಲ್ಲಿ ಕೆಲವು ರಾತ್ರಿ ಹಾಗೇ ಬಿಟ್ಟೆ. ಧೈರ್ಯವಾಗಿ ತಿನ್ನತೊಡಗಿದ ಮೇಲೆ ದಾರ ಬಿಚ್ಚಿದೆ. ವಿಷ ಇಡಲಿಲ್ಲ, ತಿಂದ ಇಲಿ ಡ್ಯಾಶ್‌ಬೋರ್ಡಿನೊಳಗೆ ಹೋಗಿ ಸತ್ತರೆ ಆ ನಾತ ಯಾರಿಗೂ ಬೇಡ, ಮನೆಯಲ್ಲಿ ನಾಯಿಯೂ ಇದೆ. ಕೊಟ್ಟಿಗೆಯ ಹಿಂದೆ ಓಡಾಡುವ ಕೇರೆ ಹಾವನ್ನು ಹೊಡೆಯಬಾರದೆಂದು ಕೆಲಸದವರಿಗೆ ಹೇಳಿಟ್ಟಿದ್ದೇನೆ. ಬೆಕ್ಕಿಗಿಂತ ಅದರ ಮೇಲೆ ನನಗೆ ಭರವಸೆ ಹೆಚ್ಚು.

ಹೊಗೆಸೊಪ್ಪು ಕಟ್ಟುವ ಉಪಾಯವನ್ನು ಎಲ್ಲರೂ ಹೇಳುತ್ತಾರೆ. ಹಸಿ ಘಾಟು ಇರುವಷ್ಟು ದಿನ ಸರಿ, ಆಮೇಲೆ ಬಿಸಿ ಇಂಜಿನ್ ಮೇಲೆ ಒಣ ಎಲೆ ಇಟ್ಟಂತಾಯಿತು, ಬೆಂಕಿಗೆ ದಾರಿ. ನುಸಿಗುಳಿಗೆಯ ಆವಿ ಗಾಳಿಯ ಕಿಂಡಿಯಿಂದ ಒಳಗೆ ಕೂತವರಿಗೇ ಬಡಿಯುತ್ತದೆ. ಸೀಮೆಎಣ್ಣೆ ಸಿಂಪಡಿಸಿದರೆ ರಬ್ಬರ್ ಕೊಳವೆಗಳು ಹಾಳು. ಕಿವಿಗೆ ಕೇಳದ ಸದ್ದು ಮಾಡುವ ಯಂತ್ರಗಳ ಬಗ್ಗೆ ಅಮೆರಿಕದ ವ್ಯಾಪಾರ ಆಯೋಗ 2001ರಲ್ಲಿಯೇ ತಯಾರಕರಿಗೆ ಎಚ್ಚರಿಕೆ ಪತ್ರ ಬರೆದಿತ್ತು. ಪುರಾವೆಯಿಲ್ಲದೆ ಹೇಳಿಕೆ ಕೊಡಬೇಡಿ ಎಂದು. ನಮ್ಮ ಅಂಗಡಿಗಳಲ್ಲಿ ಅವು ಇನ್ನೂ ಮಾರಾಟವಾಗುತ್ತಿವೆ. ರಾತ್ರಿ ಬಾನೆಟ್ ಎತ್ತಿಟ್ಟು, ಮಾಡಿಗೆ ಒಂದು ಬಲ್ಬ್ ಹಾಕುವುದು ಇವೆಲ್ಲಕ್ಕಿಂತ ಅಗ್ಗ. ಕತ್ತಲು, ಬಿಸಿ ಎರಡೂ ಇಲ್ಲದಿದ್ದರೆ ಅವಕ್ಕೆ ಅಲ್ಲೇನು ಕೆಲಸ? ಮಳೆಗಾಲ ಪೂರ್ತಿ ನಾನು ಹೀಗೇ ನಿಲ್ಲಿಸುತ್ತೇನೆ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ಬ್ಯಾಟರಿಯ ಹಿಂದೆ, ಏರ್ ಫಿಲ್ಟರ್ ಡಬ್ಬಿಯೊಳಗೆ ಹಿಕ್ಕೆ ಇದೆಯೇ ಎಂದು ನೋಡುತ್ತೇನೆ.

ವಿಮೆ ಕೇಳುವವರು ತಂತಿ ಬಿಚ್ಚುವ ಮೊದಲು ಫೋಟೋ ತೆಗೆದು ಕಂಪನಿಗೆ ತಿಳಿಸಬೇಕು. ಇಲಿ ಕಡಿತಕ್ಕೆ ಹಣ ಕೊಡುವುದೂ ಬಿಡುವುದೂ ಪಾಲಿಸಿಯಿಂದ ಪಾಲಿಸಿಗೆ ಬೇರೆ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಕೇಳಿ ಪ್ರಯೋಜನವಿಲ್ಲ.