ಅಮೆರಿಕದಲ್ಲಿ ವ್ಯಾಪಾರ ಮಾಡುವ ಕನ್ನಡಿಗರಿಗೆ: ಹಕ್ಕು ಕೇಳಲು ಯಾವ ಬಾಗಿಲು ತಟ್ಟಬೇಕು?

1980ರ ದಶಕದಲ್ಲಿ ಅಮೆರಿಕದ ಹೆದ್ದಾರಿ ಬದಿಯ ಕೆಲವು ಮೋಟೆಲ್‌ಗಳು 'ಅಮೆರಿಕನ್ ಓನ್ಡ್' ಎಂದು ಬೋರ್ಡ್ ಹಾಕಿಕೊಳ್ಳುತ್ತಿದ್ದವು. ಪಕ್ಕದ್ದು ಗುಜರಾತಿ ಪಟೇಲರದ್ದು, ಅಲ್ಲಿಗೆ ಹೋಗಬೇಡಿ ಅಂತ ಅದರ ತಾತ್ಪರ್ಯ. ಆ ಪಟೇಲರಲ್ಲಿ ಎಷ್ಟೋ ಮಂದಿ ಅಮೆರಿಕದ ಪ್ರಜೆಗಳೇ ಆಗಿದ್ದರು ಅನ್ನೋದು ಬೇರೆ ಮಾತು. ಬೋರ್ಡಿನ ಅವಮಾನ ಹೇಗೋ ನುಂಗಿಕೊಳ್ಳಬಹುದಿತ್ತು. ಭಾರತೀಯರ ಮೋಟೆಲ್‌ಗೆ ಇನ್ಶೂರೆನ್ಸ್ ಕೊಡಲು ಕಂಪನಿಗಳು, ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕಿದಾಗ ಹೊಟ್ಟೆಪಾಡಿಗೇ ಕುತ್ತು ಬಂತು. ಅದಕ್ಕೇ 1989ರಲ್ಲಿ ಅಟ್ಲಾಂಟಾದಲ್ಲಿ ಏಷ್ಯನ್ ಅಮೆರಿಕನ್ ಹೋಟೆಲ್ ಓನರ್ಸ್ ಅಸೋಸಿಯೇಷನ್ ಹುಟ್ಟಿತು. ಈಗ ಸುಮಾರು 20,000 ಸದಸ್ಯರು. ದೇಶದ ನೂರಕ್ಕೆ 60ರಷ್ಟು ಹೋಟೆಲ್‌ಗಳು ತಮ್ಮವರದ್ದೇ ಎಂದು ಸಂಘ ಹೇಳುತ್ತದೆ. 1998ರಲ್ಲಿ ಫ್ರಾಂಚೈಸಿ ಒಪ್ಪಂದಗಳು (ದೊಡ್ಡ ಬ್ರ್ಯಾಂಡಿನ ಹೆಸರಲ್ಲಿ ಹೋಟೆಲ್ ನಡೆಸುವ ಕರಾರು) ನ್ಯಾಯವಾಗಿರಲಿ ಎಂದು 12 ಅಂಶಗಳ ಪಟ್ಟಿ ಮುಂದಿಟ್ಟು ದೊಡ್ಡ ಬ್ರ್ಯಾಂಡ್‌ಗಳನ್ನೇ ಪ್ರಶ್ನಿಸುವಷ್ಟು ಬಲ ಅದಕ್ಕೆ ಬಂದಿತ್ತು.

ರೆಸ್ಟೋರೆಂಟ್, ಡೇಕೇರ್, ಪುಟ್ಟ ಐಟಿ ಕಂಪನಿ ನಡೆಸುವ ನಮ್ಮವರಿಗೂ ಇದೇ ಕಾನೂನು, ಇದೇ ದಾರಿ. ಜನಾಂಗದ ಕಾರಣಕ್ಕೆ ಯಾರಾದರೂ ಕರಾರು ಮಾಡಿಕೊಳ್ಳಲು ಒಪ್ಪದಿದ್ದರೆ 1866ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ ಬಂದ 1981ನೇ ಸೆಕ್ಷನ್ ಇದೆ. ಇಸವಿ ಅಲ್ಲ, ಸೆಕ್ಷನ್ನಿನ ನಂಬರೇ ಅದು. ವಂಶ, ಜನಾಂಗೀಯ ಲಕ್ಷಣಗಳ ಕಾರಣಕ್ಕೆ ಮಾಡುವ ಭೇದವೂ ಅದರಡಿ ಬರುತ್ತದೆ ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಗೆಲ್ಲೋದು ಸುಲಭವಲ್ಲ. ಕಪ್ಪುವರ್ಣೀಯರ ಒಡೆತನದ ಮಾಧ್ಯಮಗಳ ಸಂಘವೊಂದು ಕೇಬಲ್ ಟಿವಿ ಕಂಪನಿ ಕಾಮ್‌ಕಾಸ್ಟ್ ಮೇಲೆ ಹಾಕಿದ ಕೇಸಿನಲ್ಲಿ, ಜನಾಂಗ ಅಡ್ಡಬರದಿದ್ದರೆ ವ್ಯವಹಾರ ಕುದುರುತ್ತಿತ್ತು ಎಂದೇ ತೋರಿಸಬೇಕು ಎಂದು 2020ರಲ್ಲಿ ಅದೇ ಕೋರ್ಟ್ ತೀರ್ಪು ಕೊಟ್ಟಿತು.

ಹಾಗಾಗಿ ಮೊದಲು ಕಾಗದ ಕೂಡಿಸಿ. ವ್ಯಾಪಾರದ ಸಾಲ ತಿರಸ್ಕಾರವಾದರೆ 'ಪಾಲಿಸಿ ಸರ್, ಏನೂ ಮಾಡಕ್ಕಾಗಲ್ಲ' ಎಂಬ ಬಾಯಿಮಾತಿಗೆ ತಲೆಯಾಡಿಸಿ ಎದ್ದು ಬರಬೇಡಿ. ತಿರಸ್ಕಾರ ತಿಳಿದ 60 ದಿನದೊಳಗೆ ಕಾರಣವನ್ನು ಲಿಖಿತವಾಗಿ ಕೊಡಿ ಎಂದು ಪತ್ರ ಬರೆಯಿರಿ. ಸಮಾನ ಸಾಲಾವಕಾಶ ಕಾಯ್ದೆಯ ಪ್ರಕಾರ ಬ್ಯಾಂಕು ಉತ್ತರ ಕೊಡಲೇಬೇಕು. ಆ ಉತ್ತರದಲ್ಲಿ ಒಂದು ಕಾರಣ, ಮ್ಯಾನೇಜರ್ ಹೇಳಿದ್ದು ಇನ್ನೊಂದು ಆಗಿದ್ದರೆ ವಕೀಲರಿಗೆ ಹಿಡಿಯಲು ಒಂದು ಎಳೆ ಸಿಕ್ಕಿತು.

ಕೇಸು ಒಬ್ಬರ ಗಾಯಕ್ಕೆ ಮದ್ದು. ನಿಯಮವೇ ಬದಲಾಗಬೇಕೆಂದರೆ ಸಂಘ ಬೇಕು, ಆದರೆ ಕನ್ನಡ ಕೂಟ ಆ ಕೆಲಸಕ್ಕೆ ಆಗುವುದಿಲ್ಲ. ಬಹುತೇಕ ಕೂಟಗಳು ತೆರಿಗೆ ಕಾನೂನಿನ 501(ಸಿ)(3) ಅಡಿ ನೋಂದಾಯಿತ ಧರ್ಮಾರ್ಥ ಸಂಸ್ಥೆಗಳು. ಲಾಬಿ ಮಾಡಲು ಅವಕ್ಕೆ ಮಿತಿಯಿದೆ, ಚುನಾವಣೆಯಲ್ಲಿ ಯಾರ ಪರವೂ ನಿಲ್ಲುವಂತಿಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಅಭ್ಯರ್ಥಿಗೆ ಶಾಲು ಹೊದಿಸಿ, ಮೈಕ್ ಹಿಡಿದು 'ಇವರಿಗೇ ವೋಟು ಹಾಕಿ' ಅಂದುಬಿಟ್ಟರೆ ತೆರಿಗೆ ವಿನಾಯಿತಿಗೇ ಸಂಚಕಾರ. ಅಧ್ಯಕ್ಷರ ಉತ್ಸಾಹಕ್ಕೆ ಲಗಾಮು ಹಾಕುವ ಖಜಾಂಚಿ ಒಬ್ಬರು ಪ್ರತಿ ಕೂಟದಲ್ಲೂ ಇರಬೇಕು! ವ್ಯಾಪಾರಿಗಳ ಸಂಘಕ್ಕೆ 501(ಸಿ)(6) ಎಂಬ ಬೇರೆ ವರ್ಗವೇ ಇದೆ; ಸದಸ್ಯರ ವ್ಯಾಪಾರಕ್ಕೆ ಸಂಬಂಧಿಸಿದ ಕಾನೂನುಗಳ ಬಗ್ಗೆ ಅದು ಧಾರಾಳವಾಗಿ ಲಾಬಿ ಮಾಡಬಹುದು.

ಶುರು ಮಾಡಲು ವಾಷಿಂಗ್ಟನ್‌ಗೆ ಹೋಗಬೇಕಿಲ್ಲ. ಅಮೆರಿಕದ ಸಂಸತ್ತಿನ ಕೆಳಮನೆಯಾದ ಹೌಸ್‌ನ 435 ಸದಸ್ಯರಿಗೂ ಕ್ಷೇತ್ರದಲ್ಲೇ ಕಚೇರಿ ಇರುತ್ತದೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ಆರಿಸಿ ಹೋದಾಗ ಊರಿನವರೆಲ್ಲ ಹಿಗ್ಗಿದ್ದು ಸರಿಯೇ, ಆದರೆ ನೀವು ಟೆಕ್ಸಾಸ್‌ನಲ್ಲಿದ್ದರೆ ನಿಮ್ಮ ಕೆಲಸಕ್ಕೆ ಬರುವುದು ನಿಮ್ಮ ಕ್ಷೇತ್ರದ ಸದಸ್ಯರೇ. ಅವರ ಕಚೇರಿಯ ಸಿಬ್ಬಂದಿ ಮೊದಲು ನೋಡುವುದು ನಿಮ್ಮ ಪಿನ್‌ಕೋಡ್. ಎಷ್ಟು ಜನರಿಗೆ ಕೆಲಸ ಕೊಟ್ಟಿದ್ದೀರಿ, ಯಾವ ನಿಯಮದಿಂದ ಏನು ತೊಂದರೆ ಎಂಬುದು ಒಂದೇ ಹಾಳೆಯಲ್ಲಿರಲಿ.

ಇದನ್ನೆಲ್ಲ ಎಚ್-1ಬಿ ವೀಸಾದಲ್ಲಿರುವವರೂ ಮಾಡಬಹುದು. ಅಹವಾಲು ಹೇಳಿಕೊಳ್ಳಲು ಪೌರತ್ವ ಬೇಕಿಲ್ಲ. ಚುನಾವಣಾ ದೇಣಿಗೆ ಮಾತ್ರ ಬೇಡವೇ ಬೇಡ. ಅದು ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಊರ ಮೇಯರ್ ಚುನಾವಣೆಗೂ ಇದೇ ನಿಯಮ. ಫಂಡ್‌ರೈಸರ್ ಊಟದ ಟಿಕೆಟ್ ಕೂಡ ದೇಣಿಗೆಯೇ. ಪೌರತ್ವ ಪಡೆದ ಭಾವನ ಕೈಗೆ ನಿಮ್ಮ ದುಡ್ಡಿಟ್ಟು ಅವರ ಹೆಸರಲ್ಲಿ ಕೊಡಿಸಿದರೆ ಅದೂ ಅಪರಾಧ, ಇಬ್ಬರಿಗೂ ಕಷ್ಟ.